ಆಡದೆ ಸಿಕ್ಕ ಜಾಗ

ನಮ್ಮ ಮಾಸ್ಟರ ಹಣೆಯ ಮೇಲೆ, ಎಡ ಹುಬ್ಬಿಗಿಂತ ಸ್ವಲ್ಪ ಮೇಲಕ್ಕೆ, ಮೂರು ಬಿಳಿ ಗೆರೆಗಳಿದ್ದವು. ದೂರದಿಂದ ನೋಡಿದವರು ವಿಭೂತಿ ಎಂದುಕೊಳ್ಳುತ್ತಿದ್ದರು. ಹತ್ತಿರ ಬಂದಾಗ ಅವು ಗಾಯದ ಕಲೆ ಎಂದು ತಿಳಿಯುತ್ತಿತ್ತು. ಅವರು ಆಡುತ್ತಿದ್ದ ಕಾಲದ ಫುಟ್‌ಬಾಲಿನ ಬಾಯನ್ನು ತೊಗಲಿನ ದಾರದಿಂದ ಬಿಗಿದು ಕಟ್ಟುತ್ತಿದ್ದರಂತೆ. ಮಳೆಯಲ್ಲಿ ನೆನೆದು ಭಾರವಾದ ಚೆಂಡಿಗೆ ತಲೆ ಕೊಟ್ಟಾಗ ಆ ದಾರದ ಭಾಗವೇ ಹಣೆಗೆ ಬಡಿದರೆ ಚರ್ಮ ಸುಲಿದು ಬರುತ್ತಿತ್ತು. ಒಣಗುವಷ್ಟರಲ್ಲಿ ಅದೇ ಜಾಗಕ್ಕೆ ಮತ್ತೆ ಬಡಿದು ಆ ಗೆರೆಗಳು ಹಾಗೇ ಉಳಿದುಬಿಟ್ಟಿದ್ದವು. ಯೋಚನೆ ಮಾಡುವಾಗ ಹೆಬ್ಬೆರಳಿನಿಂದ ಅವನ್ನು ಉಜ್ಜಿಕೊಳ್ಳುತ್ತಿದ್ದರು. “ಇದಕ್ಕೇ ನಿಮಗೆಲ್ಲ ಹೆಡ್ ಮಾಡೋದು ಕಲಿಸಲ್ಲ. ನಾಳೆ ನಿಮ್ಮ ಅಮ್ಮಂದಿರು ಬಂದು ಕೇಳಿದ್ರೆ ನಾನೇನ್ ಹೇಳ್ಲಿ?” ಎನ್ನುತ್ತಿದ್ದರು.

ಮಾಸ್ಟರ ಮನೆ ಹಲಸೂರಿನ ಗೌತಮಪುರದಲ್ಲಿತ್ತು. ಅಲ್ಲಿ ನಡೆಯಲು ಕಲಿತ ಮಗು ಮೊದಲು ಒದೆಯುವುದು ಚೆಂಡನ್ನೇ. ಅವರ ಮನೆಮಾತು ತಮಿಳು. ನಮ್ಮ ಜೊತೆ ಆಡುತ್ತಿದ್ದ ಕನ್ನಡದಲ್ಲಿ ದಂಡು ಪ್ರದೇಶದ ಎಲ್ಲ ಭಾಷೆಗಳೂ ಬೆರೆತಿರುತ್ತಿದ್ದವು. ನನ್ನ ತಂದೆ ಗುಮಾಸ್ತರಾಗಿದ್ದ ಸರ್ಕಾರಿ ಕಾರ್ಖಾನೆಯಲ್ಲೇ ಅವರು ಟರ್ನರ್ ಆಗಿದ್ದರು. ಅರವತ್ತರ ದಶಕದ ಮೊದಲಲ್ಲಿ ದೇಶದ ತಂಡದ ಜೊತೆ ಸಿಂಗಾಪುರಕ್ಕೆ ಹೋಗಿ ಬಂದವರು. ಕ್ಯಾಂಟೀನಿನಲ್ಲಿ ಹೊಸಬರು ಯಾರಾದರೂ ಕೂತಿದ್ದರೆ “ಅಗೋ ನೋಡ್ರಿ, ಫಾರಿನ್ ಪ್ಲೇಯರ್” ಎಂದು ಅವರನ್ನು ತೋರಿಸುತ್ತಿದ್ದರಂತೆ. ಆ ಮಾತು ಕಿವಿಗೆ ಬಿದ್ದರೆ ಮಾಸ್ಟರ್ ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗಿಬಿಡುತ್ತಿದ್ದರು. ಅಪ್ಪ ಅದನ್ನು ದೊಡ್ಡ ಮನುಷ್ಯರ ವಿನಯ ಎಂದು ನಮಗೆಲ್ಲ ಹೇಳಿದ್ದರು. ನಾವೂ ಹಾಗೇ ನಂಬಿದ್ದೆವು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಹುಡುಗಿಯರು ಫುಟ್‌ಬಾಲ್ ಆಡುತ್ತಾರೆ ಎಂದರೆ ನಗುವವರೇ ಹೆಚ್ಚು. ಅಂಥದ್ದರಲ್ಲಿ ಏಷ್ಯಾದ ಕೆಲವು ದೇಶಗಳ ಹೆಂಗಸರ ತಂಡಗಳನ್ನು ಕರೆಸಿ ಬೆಂಗಳೂರಿನಲ್ಲೇ ಪಂದ್ಯಾವಳಿ ನಡೆಸುವುದೆಂದು ತೀರ್ಮಾನವಾಯಿತು. ಊರಿಗೆ ಹೊರದೇಶದವರು ಬರುವಾಗ ಊರಿಗೇ ಒಂದು ಹುಡುಗಿಯರ ತಂಡ ಇಲ್ಲದಿದ್ದರೆ ಹೇಗೆ ಎಂದು ಸಂಘಟಕರಿಗೆ ಅನ್ನಿಸಿತು. ಕಾರ್ಖಾನೆಯ ಕ್ರೀಡಾ ಅಧಿಕಾರಿ ಮಾಸ್ಟರನ್ನು ಕರೆದು, ಬೆಳಿಗ್ಗೆ ಹುಡುಗಿಯರಿಗೆ ಕಲಿಸಬೇಕು, ಶಿಫ್ಟಿಗೆ ತಡವಾಗಿ ಬಂದರೆ ನಡೆಯುತ್ತದೆ ಎಂದರು. ಆಗುವುದಿಲ್ಲ ಎನ್ನುವ ಹಾಗಿರಲಿಲ್ಲ.

ನಾನಾಗ ಪಿಯುಸಿ ಓದುತ್ತಿದ್ದೆ. ಸ್ಕೂಲಿನಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. ಅಮ್ಮ ಬೇಡವೆಂದರು. ಅಪ್ಪ, “ಆ ಮನುಷ್ಯ ಕಲಿಸ್ತಾನೆ ಅಂದ್ರೆ ಹೋಗ್ಲಿ ಬಿಡೆ” ಎಂದರು. ಹಾಗೆ ಹೋದೆ. ಶಿವಾಜಿನಗರದಿಂದ ಬರುತ್ತಿದ್ದ ಶಾಹಿದಾ ನಮ್ಮ ಗೋಲ್‌ಕೀಪರ್. ಅವಳ ತಂದೆಗೆ ರಸೆಲ್ ಮಾರ್ಕೆಟ್ ಹತ್ತಿರ ಬಟ್ಟೆ ಅಂಗಡಿ. ಕುಕ್ ಟೌನಿನ ಫಿಲೋಮಿನಾ ಕ್ಯಾಪ್ಟನ್. ನಾನು ಬ್ಯಾಕ್, ಗೋಲಿನ ಮುಂದೆ ನಿಂತು ತಡೆಯುವವಳು. ಮಾಸ್ಟರ್ ನನ್ನ ಹೆಸರು ಹಿಡಿದು ಕರೆದದ್ದೇ ಇಲ್ಲ. “ಏ ಬ್ಯಾಕು” ಎನ್ನುತ್ತಿದ್ದರು.

ಗೌತಮಪುರದಲ್ಲಿ ಒಳ್ಳೆಯ ಮೈದಾನವೇ ಇತ್ತು. ಆದರೆ ಮಾಸ್ಟರ್ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಲಿಲ್ಲ. ಆಗ ಇಂದಿರಾನಗರದ ಅಂಚಿನಲ್ಲಿ ಸೈಟುಗಳಿಗೆ ಕಲ್ಲು ನೆಟ್ಟು ಬಿಟ್ಟಿದ್ದರು, ಮನೆಗಳು ಎದ್ದಿರಲಿಲ್ಲ. ಆ ಬಯಲಿನಲ್ಲಿ ಸೈಟಿನ ಕಲ್ಲುಗಳೇ ನಮ್ಮ ಗೋಲು. ಹಲಸೂರಿನವರು ಯಾರೂ ಅತ್ತ ಬರುತ್ತಿರಲಿಲ್ಲ. ನಾವು ಚಡ್ಡಿಯ ಮೇಲೆ ಲಂಗ ಉಟ್ಟುಕೊಂಡು ಬಂದು, ಅಲ್ಲಿ ಬಿಚ್ಚಿ, ಒಂದರ ಮೇಲೊಂದು ಮಡಿಸಿಡುತ್ತಿದ್ದೆವು. ಅಷ್ಟು ಹೊತ್ತೂ ಮಾಸ್ಟರ್ ಬೆನ್ನು ತಿರುಗಿಸಿ ರಸ್ತೆಯ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ಅವರು ನಮ್ಮನ್ನು ಎಂದೂ ಮುಟ್ಟಿ ತಿದ್ದಿದವರಲ್ಲ. ಕೈಯಲ್ಲಿ ಒಂದು ಕೋಲು ಇರುತ್ತಿತ್ತು. ಎಲ್ಲಿ ನಿಲ್ಲಬೇಕು, ಚೆಂಡು ಎತ್ತ ಹೋಗುತ್ತದೆ ಎನ್ನುವುದನ್ನೆಲ್ಲ ಮಣ್ಣಿನಲ್ಲಿ ಗೆರೆ ಎಳೆದು ತೋರಿಸುತ್ತಿದ್ದರು. “ಅವಳ ಕಾಲು ನೋಡ್ಬೇಡ, ಬಾಲ್ ನೋಡು. ಕಾಲು ಸುಳ್ಳು ಹೇಳತ್ತೆ” ಎನ್ನುವುದು ಅವರ ದಿನದ ಮಾತು.

ಒಂದು ಬೆಳಿಗ್ಗೆ ಅವರ ಹಳೆಯ ಜೊತೆಗಾರರು ಸೈಕಲ್ಲಿನಲ್ಲಿ ಆ ದಾರಿಯಾಗಿ ಬಂದರು. ನಮ್ಮನ್ನು ಕಂಡು ಸೈಕಲ್ ನಿಲ್ಲಿಸಿ ನಕ್ಕರು. ಮಾಸ್ಟರ್ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಯಾರೋ ದಾರಿಹೋಕರು ನಿಂತ ಹಾಗೆ ನಮ್ಮಿಂದ ಸ್ವಲ್ಪ ದೂರ ಹೋಗಿ ಬೀಡಿ ಹಚ್ಚಿದರು. ಅವರೆಲ್ಲ ಹೋದ ಮೇಲೆ ತಿರುಗಿ ಬಂದು, ಏನೂ ಆಗದವರಂತೆ, “ಹ್ಞೂಂ, ಪಾಸ್ ಮಾಡ್ರಿ” ಎಂದರು.

“ಮಾಸ್ಟರಿಗೆ ನಮ್ಮಿಂದ ಶರಮ್ ಆಗತ್ತೆ ಕಣೆ” ಎಂದಳು ಶಾಹಿದಾ, ಮನೆಗೆ ಹೋಗುವಾಗ.

ನಮಗೂ ನಾಚಿಕೆಯಾಗುತ್ತಿತ್ತು. ಚಡ್ಡಿಯಲ್ಲಿ ಓಡುವುದಕ್ಕೆ, ಮೊಣಕಾಲಿನ ಗಾಯವನ್ನು ಮನೆಯಲ್ಲಿ ಮುಚ್ಚಿಡುವುದಕ್ಕೆ, ಪಕ್ಕದ ಮನೆಯವರು ಕೇಳಿದರೆ ಟೈಪಿಂಗ್ ಕ್ಲಾಸು ಎನ್ನುವುದಕ್ಕೆ. ಆದರೆ ನಮಗೆ ಕಲಿಸುವವರಿಗೇ ನಾವು ನಾಚಿಕೆ ಎನ್ನುವುದು ಬೇರೆ. ಅದು ತುಂಬಾ ದಿನ ಚುಚ್ಚಿತು. ಹಾಗಿದ್ದೂ ಅವರು ಒಂದು ದಿನವೂ ತಪ್ಪಿಸಲಿಲ್ಲ. ಆಟದ ನಡುವೆ ಮೈಮರೆತಾಗ ನಮ್ಮ ಜೊತೆ ಓಡುತ್ತಿದ್ದರು. ಶಾಹಿದಾ ಎಡಕ್ಕೆ ಹಾರಿ ಒಂದು ಚೆಂಡು ಹಿಡಿದಾಗ ಕೋಲು ಎಸೆದು “ಶಭಾಷ್ ಡಾ” ಎಂದರು. ಹುಡುಗರಿಗೆ ಹೇಳುವ ಮಾತನ್ನು ನಮಗೂ ಹೇಳಿದ್ದು ಅದೇ ಮೊದಲು.

ಪಂದ್ಯಾವಳಿಯ ನಿಯಮ ಹೀಗಿತ್ತು. ನಡೆಸುವ ದೇಶ ನಮ್ಮದಾದ್ದರಿಂದ ನಮಗೆ ಎರಡು ತಂಡ ಇಳಿಸುವ ಅವಕಾಶ. ಒಂದು ದೇಶದ ತಂಡ. ಅದಕ್ಕೆ ಬೇರೆ ಊರುಗಳ ಹುಡುಗಿಯರು ಆಯ್ಕೆಯಾಗಿದ್ದರು. ಇನ್ನೊಂದು ಜಾಗಕ್ಕೆ ಬೆಂಗಳೂರಿನ ನಾವು ಮತ್ತು ಕೇರಳದ ಹುಡುಗಿಯರು ಅರ್ಹತಾ ಪಂದ್ಯ ಆಡಬೇಕು, ಗೆದ್ದವರು ಒಳಕ್ಕೆ. ಕೇರಳದವರು ನಮಗಿಂತ ಹಳಬರು, ನಮಗಿಂತ ಗಟ್ಟಿಗರು ಎಂದು ಎಲ್ಲರಿಗೂ ಗೊತ್ತಿತ್ತು.

ಪಂದ್ಯಾವಳಿಗೆ ಕೆಲವೇ ದಿನಗಳಿದ್ದಾಗ ಸಂಘಟನಾ ಸಮಿತಿಯ ಕಾರ್ಯದರ್ಶಿ ನಮ್ಮ ಬಯಲಿಗೇ ಕಾರಿನಲ್ಲಿ ಬಂದರು. ಸ್ವೀಟು ತಂದಿದ್ದರು. ಅರ್ಹತಾ ಪಂದ್ಯ ರದ್ದಾಗಿದೆ, ಆತಿಥೇಯ ನಗರ ಎನ್ನುವ ಲೆಕ್ಕದಲ್ಲಿ ನಿಮ್ಮನ್ನೇ ತೆಗೆದುಕೊಂಡಿದ್ದೇವೆ ಎಂದರು. ನಾವು ಒಬ್ಬರನ್ನೊಬ್ಬರು ತಬ್ಬಿಕೊಂಡೆವು. ಮಾರನೆಯ ದಿನ ಪೇಪರಿನಲ್ಲಿ ನಮ್ಮ ಫೋಟೋ ಬಂತು. ಅಮ್ಮ ಆ ಪುಟವನ್ನು ಪಕ್ಕದ ಮನೆಗೆ ತಾವೇ ತೆಗೆದುಕೊಂಡು ಹೋಗಿ ತೋರಿಸಿದರು. ಅಪ್ಪ ಕಾರ್ಖಾನೆಯಲ್ಲಿ ತಮ್ಮ ವಿಭಾಗಕ್ಕೆಲ್ಲ ಕಾಫಿ ಕೊಡಿಸಿದರಂತೆ. ಶಾಹಿದಾಳ ತಂದೆ, ಮಗಳು ಮೈದಾನಕ್ಕೆ ಹೋಗುವುದನ್ನು ಕಂಡೂ ಕಾಣದ ಹಾಗಿದ್ದವರು, ಅವಳಿಗೆ ಹೊಸ ಕೈಗವಸು ತಂದುಕೊಟ್ಟರು.

ಕಾರ್ಯದರ್ಶಿ ಬಂದ ದಿನ ಮಾಸ್ಟರ್ ಮಾತ್ರ ಆ ಸ್ವೀಟು ಬಾಯಿಗೆ ಹಾಕಿರಲಿಲ್ಲ. “ಕೇರಳದವರಿಗೆ ಹೇಳಿದೀರಾ?” ಎಂದು ಕಾರ್ಯದರ್ಶಿಯನ್ನು ಕೇಳಿದರು.

“ಅವರು ಆಗಲೇ ಟ್ರೈನ್ ಹತ್ತಿಬಿಟ್ಟಿದಾರೆ ಮಾಸ್ಟರ್. ಬಂದ ಮೇಲೆ ಹೇಳಿದ್ರಾಯ್ತು. ಮ್ಯಾಚ್ ನೋಡ್ಕೊಂಡು ಹೋಗ್ತಾರೆ ಬಿಡಿ.”

ಮಾರನೆಯ ದಿನ ಮಾಸ್ಟರ್ ಶಿಫ್ಟು ಮುಗಿಸಿ ಫ್ರೇಜರ್ ಟೌನಿಗೆ ಹೋದರಂತೆ. ಅಲ್ಲೊಂದು ಸ್ಕೂಲಿನ ಕೋಣೆಗಳಲ್ಲಿ ಕೇರಳದ ಹುಡುಗಿಯರನ್ನು ಇಳಿಸಿದ್ದರು. ಅದರ ಮಾರನೆಯ ಬೆಳಿಗ್ಗೆ ನಾವು ಲಂಗ ಬಿಚ್ಚಲು ಹೊರಟಾಗ, “ಬೇಡ, ಹಾಗೇ ಕೂತ್ಕೊಳ್ರಿ” ಎಂದರು. ನಾವು ಸೈಟಿನ ಕಲ್ಲುಗಳ ಸುತ್ತ ಕೂತೆವು. ಅವರೂ ಎದುರಿಗೆ ನೆಲದ ಮೇಲೆ ಕೂತರು.

“ಆ ಹುಡುಗೀರು ಸ್ಕೂಲ್ ಜಗುಲಿ ಮೇಲೆ ಬೂಟಿಗೆ ಪಾಲಿಶ್ ಹಾಕ್ತಾ ಕೂತಿದ್ರು. ಅವರಿಗೆ ಇನ್ನೂ ಯಾರೂ ಹೇಳಿಲ್ಲ” ಎಂದರು. ಹಣೆ ಉಜ್ಜಿಕೊಂಡರು. “ನಾನು ನಿಮಗೆ ಒಂದು ವಿಷ್ಯ ಹೇಳ್ಬೇಕು.”

ಆಮೇಲೆ ಅವರು ಹೇಳಿದ್ದನ್ನು ನಾನು ಚುಟುಕಾಗಿ ಹೇಳುತ್ತೇನೆ. ಸಿಂಗಾಪುರಕ್ಕೆ ಹೋಗುವ ತಂಡದಲ್ಲಿ ಒಂದೇ ಒಂದು ಜಾಗ ಉಳಿದಿತ್ತು. ಅದಕ್ಕೆ ಇಬ್ಬರು: ಮಾಸ್ಟರ್ ಮತ್ತು ಅವರದೇ ಬೀದಿಯ ಗೆಳೆಯ. ಇಬ್ಬರನ್ನೂ ಆಡಿಸಿ ನೋಡಿ ಒಬ್ಬರನ್ನು ಆರಿಸುವುದೆಂದು ಮಾತಾಗಿತ್ತು. ಗೆಳೆಯನೇ ಮೇಲು ಎಂದು ಹಲಸೂರೆಲ್ಲ ಹೇಳುತ್ತಿತ್ತು, ಮಾಸ್ಟರಿಗೂ ಗೊತ್ತಿತ್ತು. ಆದರೆ ಮಾಸ್ಟರ್ ಪರವಾಗಿ ದೊಡ್ಡವರೊಬ್ಬರು ಒಂದು ಮಾತು ಹೇಳಿದರು, ಟ್ರಯಲ್ ನಡೆಯಲೇ ಇಲ್ಲ. ಗೆಳೆಯ ಒಂದು ಕೆಟ್ಟ ಮಾತಾಡಲಿಲ್ಲ. ದಂಡು ರೈಲ್ವೆ ಸ್ಟೇಷನ್ನಿಗೆ ಹಾರ ತಂದು ಇವರ ಕೊರಳಿಗೆ ಹಾಕಿದ. ಸಿಂಗಾಪುರದಲ್ಲಿ ಇವರನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. ತಿರುಗಿ ಬಂದಾಗ ಊರಿನವರು ಬ್ಯಾಂಡು ಬಾರಿಸಿಕೊಂಡು ಮೆರವಣಿಗೆ ಮಾಡಿದರು. ಮುಂದೆ ನಿಂತು ಕುಣಿದವನು ಆ ಗೆಳೆಯನೇ.

“ಆವತ್ತು ಎಲ್ಲರ ಮುಂದೆ ನಾನು ಆಡಿಲ್ಲ, ಬರೀ ಕೂತು ಬಂದೆ ಅಂತ ಹೇಳ್ಬೇಕಿತ್ತು. ಹೇಳ್ಲಿಲ್ಲ. ಫಾರಿನ್ ಪ್ಲೇಯರ್ ಅಂತಾರಲ್ಲ, ಇಷ್ಟು ವರ್ಷ ಅದನ್ನ ಕೇಳ್ಕೊಂಡೇ ಇದೀನಿ. ನೀವು ಹಾಗೆ ಒಳಗೆ ಹೋಗ್ಬೇಡ್ರಮ್ಮ. ಅವರ ಜೊತೆ ಆಡಿ. ಗೆದ್ರೆ ಹೋಗೋಣ.”

“ಸೋತ್ರೆ?” ಎಂದೆ ನಾನು.

“ಸೋತ್ರೆ ಅವರು ಹೋಗ್ತಾರೆ.”

ಒಬ್ಬಳು ಅಳತೊಡಗಿದಳು. ನನಗೆ ಅಪ್ಪ ಕೊಡಿಸಿದ ಕಾಫಿ ನೆನಪಾಗುತ್ತಿತ್ತು. ಬೇಡ ಎನ್ನುವ ಮಾತು ಬಾಯಿಯವರೆಗೂ ಬಂತು. ಆದರೆ ಜಗುಲಿಯ ಮೇಲೆ ಬೂಟು ತಿಕ್ಕುತ್ತಾ ಕೂತವರ ಸುದ್ದಿ ಕೇಳಿದ ಮೇಲೆ ಅದನ್ನು ಎಲ್ಲರೆದುರು ಹೇಳುವುದು ಹೇಗೆ? ಕೊನೆಗೆ ಫಿಲೋಮಿನಾ ಎದ್ದು ನಿಂತು, “ಆಡ್ತೀವಿ ಮಾಸ್ಟರ್” ಎಂದಳು. ಉಳಿದವರು ತಲೆಯಾಡಿಸಿದರು. ನಾನೂ ಆಡಿಸಿದೆ.

ಕಾರ್ಯದರ್ಶಿಯ ಬಳಿಗೆ ಫಿಲೋಮಿನಾ ಮತ್ತು ನಾನು ಮಾಸ್ಟರ ಜೊತೆಯಲ್ಲೇ ಹೋಗಿದ್ದೆವು. ಅವರು ಮೊದಲು ನಕ್ಕರು, ಆಮೇಲೆ ಸಿಟ್ಟಾದರು.

“ನಿಮಗೇನ್ರಿ ಬಂದಿರೋದು? ನಮ್ಮ ಊರು, ನಮ್ಮ ಖರ್ಚು, ನಮ್ಮ ಮಕ್ಕಳು. ತಾನಾಗೇ ಬಂದಿದ್ದನ್ನ ಯಾರಾದ್ರೂ ಒದೀತಾರಾ?”

“ತಾನಾಗೇ ಬರ್ಲಿಲ್ಲ ಸಾರ್. ಅವರ ಕೈಯಿಂದ ಕಿತ್ಕೊಂಡು ನಮಗೆ ಕೊಟ್ರಿ” ಎಂದರು ಮಾಸ್ಟರ್. ಅವರ ದನಿ ಏರಲಿಲ್ಲ. “ಮ್ಯಾಚ್ ಇಡಿ. ಇಲ್ಲ ಅಂದ್ರೆ ಹುಡುಗೀರು ಇಳಿಯಲ್ಲ ಅಂತಿದಾರೆ.”

ಕಾರ್ಯದರ್ಶಿ ನಮ್ಮ ಕಡೆ ನೋಡಿದರು. ಫಿಲೋಮಿನಾ ಹೌದೆಂದಳು. ಬೇರೆ ದಾರಿಯಿಲ್ಲದೆ ಒಪ್ಪಿಕೊಂಡರು. ನಾವು ಬಾಗಿಲು ದಾಟುವಾಗ, “ಸೋತು ಬಂದ್ರೆ ನನ್ನ ಮುಖ ನೋಡ್ಬೇಡಿ” ಎಂದು ಹಿಂದಿನಿಂದ ಹೇಳಿದರು.

ಪಂದ್ಯ ಹಲಸೂರು ಕೆರೆಯ ಹಿಂಭಾಗದ ಒಂದು ಮೈದಾನದಲ್ಲಿ ನಡೆಯಿತು. ಸುದ್ದಿ ಹರಡಿ, ಗೌತಮಪುರ, ಮರ್ಫಿ ಟೌನ್ ಎಲ್ಲ ಕಡೆಯ ಜನ ಬಂದಿದ್ದರು. ಅವತ್ತು ಮಾಸ್ಟರ್ ಯಾರಿಂದಲೂ ಮುಖ ಮರೆಸಿಕೊಳ್ಳಲಿಲ್ಲ. ಗೆರೆಯ ಪಕ್ಕದಲ್ಲೇ ನಿಂತಿದ್ದರು. ಆಟ ಶುರುವಾಗುವ ಮೊದಲು ಪ್ಯಾಂಟಿನ ತುಂಬ ಬಣ್ಣದ ಕಲೆಗಳಿದ್ದ ಒಬ್ಬ ಕುಂಟುತ್ತಾ ಬಂದು ಅವರ ಪಕ್ಕ ನಿಂತ. ಶಿವಾಜಿನಗರದಲ್ಲಿ ಬೋರ್ಡು ಬರೆಯುವ ಪೇಂಟರ್ ಅವನು. ಪಂದ್ಯಾವಳಿಯ ಸ್ವಾಗತದ ಬೋರ್ಡುಗಳನ್ನು ಬರೆದವನೂ ಅವನೇ ಎಂದು ಶಾಹಿದಾ ಹೇಳಿದಳು. ಸಿಂಗಾಪುರಕ್ಕೆ ಹೋಗಬೇಕಿದ್ದವನು ಎಂದು ಗುಂಪಿನಲ್ಲಿ ಯಾರೋ ಅವನನ್ನು ತೋರಿಸಿದರು. ಅವನೇ ಆ ಗೆಳೆಯ ಎಂದು ನಮಗೆಲ್ಲ ಗೊತ್ತಾಯಿತು.

ನಾವು ಚೆನ್ನಾಗಿಯೇ ಆಡಿದೆವು. ಮೊದಲು ಗೋಲು ಹೊಡೆದವರೂ ನಾವೇ. ಜನ ಕೂಗಿದ ಕೂಗಿಗೆ ಕೆರೆಯ ಕೊಕ್ಕರೆಗಳು ಎದ್ದವು. ಅರ್ಧ ಆಟ ಮುಗಿದಾಗ ಮಾಸ್ಟರ್ ನಮಗೆ ಕಿತ್ತಳೆ ಸುಲಿದು ಕೊಟ್ಟರು. ಆಮೇಲೆ ಕೇರಳದವರು ಸರಿಗಟ್ಟಿದರು. ಕೊನೆಗೆ ಅವರಿಗೆ ಒಂದು ಕಾರ್ನರ್ ಸಿಕ್ಕಿತು. ಚೆಂಡು ಎತ್ತರದಲ್ಲಿ ನನ್ನ ಕಡೆಗೇ ಬಂತು. ತಲೆ ಕೊಟ್ಟಿದ್ದರೆ ಹೊರಗೆ ಹೋಗುತ್ತಿತ್ತು. ತಲೆ ಕೊಡುವುದನ್ನು ನಮಗೆ ಯಾರೂ ಕಲಿಸಿರಲಿಲ್ಲ. ನಾನು ಕಣ್ಣು ಮುಚ್ಚಿ ಬಗ್ಗಿದೆ. ನನ್ನ ಹಿಂದೆ ನಿಂತಿದ್ದ ಸಣಕಲು ಹುಡುಗಿಯೊಬ್ಬಳು ನೆಗೆದು ಹಣೆಯಿಂದ ಅದನ್ನು ಒಳಕ್ಕೆ ತಳ್ಳಿದಳು. ಶಾಹಿದಾ ಹಾರಿದಳು, ಸಿಗಲಿಲ್ಲ.

ಪಂದ್ಯ ಮುಗಿದ ಮೇಲೆ ಕೇರಳದ ಹುಡುಗಿಯರು ಗೆದ್ದ ಖುಷಿಗೆ ನೆಲಕ್ಕೆ ಬಿದ್ದು ಅತ್ತರು. ನಾವು ನಿಂತೇ ಇದ್ದೆವು. ಜನರ ಗುಂಪಿನಿಂದ ಒಬ್ಬ, “ಅನ್ನದ ತಟ್ಟೇನ ಕಾಲಲ್ಲಿ ಒದ್ದ ನೋಡು ನಿಮ್ಮ ಮಾಸ್ಟರ್” ಎಂದ. ಮಾಸ್ಟರ್ ಅದನ್ನು ಕೇಳಿಸಿಕೊಂಡರು. ಕೇರಳದ ಸಣಕಲು ಹುಡುಗಿಯ ಬಳಿಗೆ ಹೋಗಿ ಕೈಮುಗಿದು, ತಿರುಗಿ ಬಂದು ಚೆಂಡುಗಳನ್ನು ಚೀಲಕ್ಕೆ ತುಂಬತೊಡಗಿದರು. ಪೇಂಟರ್ ಅವರ ಜೊತೆ ಬಗ್ಗಿ ಚೀಲದ ಬಾಯಿ ಹಿಡಿದುಕೊಂಡ. ಏನೋ ಹೇಳಬೇಕೆಂದು ತಲೆ ಎತ್ತಿದವನು ಹೇಳದೆ ಸುಮ್ಮನಾದ.

ಆ ಸಂಜೆ ಅಪ್ಪ ಏನೂ ಬಯ್ಯಲಿಲ್ಲ. ಅದೇ ಕಷ್ಟವಾಯಿತು. ಮರುದಿನ ಕ್ಯಾಂಟೀನಿಗೆ ಹೋಗದೆ, ಬುತ್ತಿ ಕಟ್ಟಿಸಿಕೊಂಡು ಹೋದರು.

ಸಮಿತಿಯವರು ನಮ್ಮನ್ನು ಅಷ್ಟಕ್ಕೇ ಬಿಡಲಿಲ್ಲ. ಊರಿನ ಹುಡುಗಿಯರು ಹೇಗಿದ್ದರೂ ಇದ್ದೀರಿ, ಹೊರದೇಶದವರನ್ನು ಬರಮಾಡಿಕೊಳ್ಳಲು ಬನ್ನಿ ಎಂದರು. ಆಡುವುದಕ್ಕೆಂದು ತಯಾರಾದ ನಾವು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಆರತಿ ತಟ್ಟೆ ಹಿಡಿದು ಹೋಟೆಲಿನ ಬಾಗಿಲಲ್ಲಿ ಸಾಲಾಗಿ ನಿಂತೆವು. ಆಟಗಾರ್ತಿಯರು ಬಸ್ಸಿನಿಂದ ಇಳಿದು ಒಬ್ಬೊಬ್ಬರಾಗಿ ಹಣೆ ಒಡ್ಡಿದರು, ನಾವು ಕುಂಕುಮ ಇಟ್ಟೆವು. ನನ್ನ ಮುಂದೆ ಬಂದವಳು ನನ್ನಷ್ಟೇ ಎತ್ತರದ, ಕೂದಲು ಮೋಟಾಗಿ ಕತ್ತರಿಸಿದ ಹುಡುಗಿ. ಕುಂಕುಮ ಇಡಿಸಿಕೊಳ್ಳಲು ತಲೆ ಬಗ್ಗಿಸಿದವಳು ನನ್ನ ಚಪ್ಪಲಿಯ ಕಡೆ ನೋಡಿದಳು. ನನ್ನ ಹೆಬ್ಬೆರಳಿನ ಉಗುರು ಚೆಂಡಿನ ಪೆಟ್ಟಿಗೆ ಕಪ್ಪಾಗಿತ್ತು. ಅವಳು ಮುಖ ಅರಳಿಸಿ, ತನ್ನ ಕಾಲು ತೋರಿಸಿ, ನನ್ನ ಕಾಲು ತೋರಿಸಿ, “ಫುಟ್‌ಬಾಲ್?” ಎಂದಳು.

“ನೋ” ಎಂದೆ.

ಅವಳಿಗೆ ನಂಬಿಕೆಯಾದಂತೆ ಕಾಣಲಿಲ್ಲ. ಆದರೂ ನಕ್ಕು ಮುಂದೆ ಹೋದಳು. ನನ್ನ ಪಕ್ಕದಲ್ಲಿದ್ದ ಶಾಹಿದಾ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲ ದಿನದ ಆಟಕ್ಕೆ ನಮಗೆ ಪಾಸು ಸಿಕ್ಕಿತ್ತು. ಮಾಸ್ಟರಿಗೆ ಯಾರೂ ಕೊಟ್ಟಿರಲಿಲ್ಲ. ಅವರು ಟಿಕೆಟ್ ತೆಗೆದುಕೊಂಡು ಬಿಸಿಲಿನ ಗ್ಯಾಲರಿಯಲ್ಲಿ ಕೂತಿದ್ದರು. ಕೇರಳದ ಹುಡುಗಿಯರು ಗಟ್ಟಿ ತಂಡವೊಂದರ ಎದುರು ಸಮ ಮಾಡಿಕೊಂಡರು. ಸ್ಟೇಡಿಯಂ ಎಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆ ನಮ್ಮದಾಗಬೇಕಿತ್ತು ಎಂದು ನನಗೆ ಅನ್ನಿಸಿತು. ನಾವಾಗಿದ್ದರೆ ಸಮ ಮಾಡಿಕೊಳ್ಳುತ್ತಿರಲಿಲ್ಲ ಎನ್ನುವುದೂ ಗೊತ್ತಿತ್ತು. ಎರಡೂ ಸೇರಿ ತಲೆ ಕೆಟ್ಟುಹೋಯಿತು. ಆಟ ಮುಗಿದು ಮಾಸ್ಟರ್ ಗ್ಯಾಲರಿಯ ಮೆಟ್ಟಿಲು ಇಳಿಯುವಾಗ ನಾನು ಸೀರೆಯ ನೆರಿಗೆ ಹಿಡಿದುಕೊಂಡು ಅವರ ಎದುರಿಗೆ ಹೋಗಿ ನಿಂತೆ.

“ನಿಮ್ಮ ನಾಚಿಕೆ ಕಳ್ಕೊಳ್ಳೋದಕ್ಕೆ ನಮ್ಮನ್ನ ಬಳಸ್ಕೊಂಡ್ರಿ ಮಾಸ್ಟರ್” ಎಂದೆ.

ಅವರು ಒಂದು ಮೆಟ್ಟಿಲು ಮೇಲೆಯೇ ನಿಂತರು. ಜನ ನಮ್ಮ ಎರಡೂ ಪಕ್ಕದಲ್ಲಿ ಇಳಿದು ಹೋಗುತ್ತಿದ್ದರು.

“ಹೌದಮ್ಮ. ಅದೂ ಸ್ವಲ್ಪ ಇತ್ತು” ಎಂದರು. ಹಣೆ ಉಜ್ಜಿಕೊಂಡು, “ಕಳೀಲೂ ಇಲ್ಲ” ಎಂದರು.

ಅವರು ವಾದ ಮಾಡುತ್ತಾರೆ, ಬಯ್ಯುತ್ತಾರೆ, ಆಗ ಇನ್ನೂ ನಾಲ್ಕು ಮಾತು ಹೇಳಬಹುದು ಎಂದು ಕಾದಿದ್ದೆ. ಅವರು ನನ್ನ ಪಕ್ಕದಿಂದ ಇಳಿದು ಬಸ್ ಸ್ಟಾಪಿನ ಕಡೆ ಹೋದರು. ಅಲ್ಲಿ ನಿಂತವರು ಯಾರೂ ಅವರನ್ನು ಗುರುತಿಸಲಿಲ್ಲ.

ಸಮಿತಿ ಅವರನ್ನು ಕೋಚಿನ ಕೆಲಸದಿಂದ ಬಿಡಿಸಿತು. ಕಾರ್ಖಾನೆಯಲ್ಲಿ ಬೆಳಗಿನ ರಿಯಾಯಿತಿ ಹೋಯಿತು. ನಾನು ಕೆಲವು ತಿಂಗಳು ಮೈದಾನದ ಕಡೆ ತಲೆ ಹಾಕಲಿಲ್ಲ. ಒಂದು ದಿನ ಶಾಹಿದಾ ಮನೆಗೆ ಬಂದಳು. “ಮಾಸ್ಟರ್ ಸಂಜೆ ಕಲಿಸ್ತಾ ಇದಾರೆ. ಅಲ್ಲೇ, ಗೌತಮಪುರದ ಗ್ರೌಂಡಲ್ಲಿ, ಎಲ್ಲರ ಎದುರಿಗೇ. ಈಗ ಹೆಡ್ ಮಾಡೋದನ್ನೂ ಹೇಳ್ಕೊಡ್ತಿದಾರೆ. ಬ್ಯಾಕು ಬರಲ್ವಾ ಅಂತ ದಿನಾ ಕೇಳ್ತಾರೆ” ಎಂದಳು.

ಹೋದೆ. ಅವರು ನನ್ನ ಎದುರಿಗೆ ಬಂದು ನಿಂತರು. ಚೆಂಡನ್ನು ಎರಡು ಕೈಯಲ್ಲಿ ಹಿಡಿದು, “ಕಣ್ಣು ಬಿಟ್ಕೊಂಡಿರು. ಬಾಲ್ ನಿನ್ನ ಹೊಡೆಯೋ ಮುಂಚೆ ನೀನು ಅದನ್ನ ಹೊಡಿ” ಎಂದು ನನ್ನ ಹಣೆಯ ಕಡೆಗೆ ಮೆಲ್ಲಗೆ ಎಸೆದರು. ಸುತ್ತ ಅವರ ಹಳೆಯ ಜೊತೆಗಾರರು, ಬೀದಿಯ ಹೆಂಗಸರು, ಮಕ್ಕಳು ಎಲ್ಲ ನಿಂತು ನೋಡುತ್ತಿದ್ದರು. ಒಬ್ಬ ಏನೋ ಕೊಂಕು ಆಡಿದ. ಮಾಸ್ಟರ್ ಅವನ ಕಡೆ ತಿರುಗಿ, “ಇವಳು ನಮ್ಮ ಬ್ಯಾಕು. ಬಾ, ಇವಳನ್ನ ದಾಟಿ ಬಾಲ್ ತಗೊಂಡ್ ಹೋಗು ನೋಡೋಣ” ಎಂದರು. ಅವನು ಬರಲಿಲ್ಲ.

ಮುಂದೆ ನಾನು ರಾಜ್ಯದ ತಂಡಕ್ಕೆ ಆಯ್ಕೆಯಾದೆ. ಟ್ರಯಲ್ಲಿನಲ್ಲಿ ಆಡಿಯೇ ಆದೆ. ಅದರಿಂದಲೇ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು. ಆ ಕೆಲಸದಿಂದ ತಂಗಿಯ ಓದು ನಡೆಯಿತು. ಈಗ ಲೆಕ್ಕ ಹಾಕಿ ನೋಡಿದರೆ ನನ್ನ ಬದುಕಿನಲ್ಲಿ ನಿಂತಿರುವುದೆಲ್ಲ ಆ ಸಂಜೆಗಳ ಮೇಲೆ ನಿಂತಿದೆ. 

ಮಾಸ್ಟರ್ ಐವತ್ತು ತುಂಬುವ ಮೊದಲೇ ಹೋದರು. ಕಾರ್ಖಾನೆಯಲ್ಲಿ ಲೇತಿನ ಎದುರು ನಿಂತವರು ಎದೆ ಹಿಡಿದುಕೊಂಡು ಕೂತರಂತೆ. ಗೌತಮಪುರದ ಬೀದಿಯ ತುಂಬ ಜನ. ತಮಟೆಯ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ನಾವು ಹಳೆಯ ಹುಡುಗಿಯರು, ಕಂಕುಳಲ್ಲಿ ಕೂಸಿದ್ದವರೂ ಸೇರಿ, ಹೆಣದ ಹಿಂದೆ ಕಲ್ಪಳ್ಳಿ ಸ್ಮಶಾನದವರೆಗೂ ನಡೆದೆವು. ಗೇಟಿನ ಹತ್ತಿರ ಹಿರಿಯರೊಬ್ಬರು, ಹೆಂಗಸರು ಇಲ್ಲೇ ನಿಲ್ಲಲಿ ಎಂದರು. ಪೇಂಟರ್ ಮುಂದೆ ಬಂದು, “ಅವನ ಟೀಮು ಇದು. ಬರ್ಲಿ” ಎಂದ. ನಾವು ಒಳಗೆ ಹೋಗಿ ಒಂದೊಂದು ಹಿಡಿ ಮಣ್ಣು ಹಾಕಿದೆವು.

ಎಲ್ಲ ಮುಗಿದು ನಲ್ಲಿಯ ಹತ್ತಿರ ಕಾಲು ತೊಳೆಯುವಾಗ ಪೇಂಟರ್ ನನ್ನ ಪಕ್ಕ ಬಂದು ನಿಂತ. ಮುಖ ಬತ್ತಿ, ಕಣ್ಣು ಮಾತ್ರ ಕಾಣುವಷ್ಟು ಬಡವಾಗಿದ್ದ.

“ನಿಮಗೆ ಅವನು ಎಲ್ಲ ಹೇಳಿದ್ನಂತೆ. ಟ್ರಯಲ್ ವಿಷ್ಯ” ಎಂದ.

“ಹೌದಣ್ಣ.”

“ಆವತ್ತು ಟ್ರಯಲ್ ನಡೆದಿದ್ರೂ ನಾನು ಸೆಲೆಕ್ಟ್ ಆಗ್ತಿರ್ಲಿಲ್ಲಮ್ಮ. ಅದಕ್ಕೆ ಮುಂಚೇನೇ ಈ ಮೊಣಕಾಲು ಹೋಗಿತ್ತು. ಇನ್ಮೇಲೆ ಆಡಬೇಡ ಅಂತ ಡಾಕ್ಟ್ರು ಹೇಳಿಬಿಟ್ಟಿದ್ರು. ಯಾರಿಗೂ ಹೇಳಿರ್ಲಿಲ್ಲ. ಟ್ರಯಲ್ ಇಲ್ಲ ಅಂದಾಗ ನಾನು ಬಚಾವಾದೆ ಅನ್ನಿಸ್ತು. ಮೆರವಣಿಗೇಲೂ ನೋವು ನುಂಗ್ಕೊಂಡೇ ಕುಣಿದೆ.”

ನಾನು ನಲ್ಲಿ ನಿಲ್ಲಿಸಿದೆ. “ಅವರಿಗೆ ಯಾಕೆ ಹೇಳ್ಲಿಲ್ಲ?”

“ಊರೆಲ್ಲ ನನಗೆ ಅನ್ಯಾಯ ಆಯ್ತು ಅಂತಿತ್ತು. ಕೇಳೋಕೆ ಚೆನ್ನಾಗಿತ್ತು ಅಮ್ಮ. ಆಮೇಲೆ ಹೇಳೋಕೆ ನಾಚಿಕೆ ಆಯ್ತು. ನಿಮ್ಮ ಮ್ಯಾಚ್ ದಿನ ಹೇಳ್ಬೇಕು ಅಂತಾನೇ ಬಂದಿದ್ದೆ. ಚೀಲ ಹಿಡ್ಕೊಂಡು ನಿಂತ್ನಲ್ಲ, ಆಗ. ನೀವು ಸೋತ್ಬಿಟ್ಟಿದ್ರಿ. ಈಗ ಹೇಳಿದ್ರೆ ಅವನು ಸತ್ತೇ ಹೋಗ್ತಾನೆ ಅನ್ನಿಸಿ ಬಾಯಿ ಮುಚ್ಕೊಂಡೆ.”

ನಾನು ಮತ್ತೆ ನಲ್ಲಿ ತಿರುಗಿಸಿ ಅವನ ಕಾಲಿಗೂ ನೀರು ಬಿಟ್ಟೆ. ಕೆಲವು ವರ್ಷಗಳಲ್ಲಿ ಅವನೂ ಹೋದ.

ಈ ಮಾತು ಮಾಸ್ಟರಿಗೆ ಮೊದಲೇ ಗೊತ್ತಿದ್ದರೆ ಅವರು ಆ ಪಂದ್ಯಕ್ಕೆ ಹಟ ಹಿಡಿಯುತ್ತಿದ್ದರೇ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಹಿಡಿಯುತ್ತಿದ್ದರು ಎಂದೇ ನನಗನ್ನಿಸುತ್ತದೆ. ಕೇರಳದ ಹುಡುಗಿಯರು ಕೂತಿದ್ದ ಆ ಜಗುಲಿಯನ್ನು ನೋಡಿ ಬಂದವರು ಅವರು. ಗ್ಯಾಲರಿಯ ಮೆಟ್ಟಿಲಿನ ಮೇಲೆ ನಾನು ಹೇಳಿದ್ದು ಸುಳ್ಳಲ್ಲ, ಅವರೇ ಒಪ್ಪಿಕೊಂಡರು. ಆದರೆ ಅದರ ಜೊತೆಗೆ ಹೇಳಬೇಕಾಗಿದ್ದ ಇನ್ನೊಂದು ಮಾತು ನನ್ನ ಹತ್ತಿರವೇ ಉಳಿಯಿತು. ಆ ಪಂದ್ಯ ಆಡಿಸಿದ್ದು ಒಳ್ಳೆಯದಾಯಿತು, ಮಾಸ್ಟರ್. ಗೌತಮಪುರದ ಮೈದಾನದಲ್ಲಿ ಅಷ್ಟು ಸಂಜೆಗಳು ಅವರ ಎದುರು ನಿಂತಿದ್ದೆ. ನಾಳೆ ಹೇಳೋಣ ಎಂದುಕೊಂಡು ಲಂಗ ಉಟ್ಟು ಮನೆಗೆ ಬರುತ್ತಿದ್ದೆ.